ಎಶೆನ್‌ಫುರ್ಟಿನ ಎರಡು ದಡ

ಭೂಪಟದಲ್ಲಿ ಎಶೆನ್‌ಫುರ್ಟ್ ಒಂದೇ ಊರು. ಮೈನ್ ನದಿಯ ಮೇಲೆ ಇಟ್ಟ ಒಂದು ಚುಕ್ಕೆ, ಅಷ್ಟೇ. ಅಲ್ಲಿ ಹುಟ್ಟಿದ ನಮಗೆ ಮಾತ್ರ ಅದು ಎರಡು ಊರು. ಬಲದಡ ಒಂದು ಕಾಲದಲ್ಲಿ ಬಿಷಪ್ಪರದಾಗಿತ್ತು, ಎಡದಡ ಒಬ್ಬ ಲೂಥರನ್ ದೊರೆಯದು. ಬಿಷಪ್ಪರ ಆಳ್ವಿಕೆಯೂ ಹೋಯಿತು, ದೊರೆಯ ಕೋಟೆಯೂ ಬಿದ್ದು ಅದರ ಕಲ್ಲನ್ನು ಜನ ಹಂದಿಗೂಡಿಗೆ ಹೊತ್ತುಕೊಂಡು ಹೋದರು. ಆದರೂ ನಾವು ಬಿಷಪ್‌ದಡದವರು, ಅವರು ದೊರೆದಡದವರು. ನಾವು ಕ್ಯಾಥಲಿಕರು, ಅವರು ಲೂಥರನ್ನರು. ಹಿಂದೆ ಪೋಪ್ ತಂದ ಹೊಸ ಪಂಚಾಂಗವನ್ನು ದೊರೆದಡದವರು ನೂರು ವರ್ಷಕ್ಕೂ ಮೇಲ್ಪಟ್ಟು ಒಪ್ಪಲೇ ಇಲ್ಲ. ಈ ದಡದಲ್ಲಿ ಕ್ರಿಸ್‌ಮಸ್ ಮುಗಿದು, ಹೆಬ್ಬಾತಿನ ಮೂಳೆಯನ್ನು ನಾಯಿ ಕಡಿದು ಮುಗಿಸಿದ ಮೇಲೆ ಆ ದಡದಲ್ಲಿ ಕ್ರಿಸ್‌ಮಸ್ ಬರುತ್ತಿತ್ತು. ಎರಡೂ ಕಡೆ ಹಬ್ಬದೂಟ ಹೊಡೆಯುತ್ತಿದ್ದವನು ಅಂಬಿಗ ಒಬ್ಬನೇ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು.

ಆ ಅಂಬಿಗರು ತ್ಸಾಂಗ್ ಮನೆತನದವರು. ಅಜ್ಜಿಯ ಕಾಲದಲ್ಲಿ ಕೆಂಪುಕಲ್ಲಿನ ಸೇತುವೆ ಬಂದಾಗ ಅವರ ಕಸುಬು ಹೋಯಿತು. ದೊಡ್ಡ ದೋಣಿಯನ್ನು ಕಣಜದಲ್ಲಿ ಬೋರಲು ಹಾಕಿ, ಅದರ ಕೆಳಗೆ ಕೋಳಿ ಸಾಕಿಕೊಂಡರು. ಆಮೇಲೆ ಯುದ್ಧದ ಕೊನೆಯ ವಸಂತ ಬಂತು. ಅಮೆರಿಕನ್ನರು ದಾಟಬಾರದೆಂದು ನಮ್ಮದೇ ಸೈನಿಕರು ಸೇತುವೆಯನ್ನು ಸಿಡಿಸಿದರು. ಎರಡೂ ದಡದ ಕಿಟಕಿಗಾಜು ಒಟ್ಟಿಗೇ ಉದುರಿತು. ಅಮೆರಿಕನ್ನರೋ, ಸ್ವಲ್ಪ ಕೆಳಗೆ ಇನ್ನೆಲ್ಲೋ ದಾಟಿಕೊಂಡು ಬಂದರು. ನಮಗೆ ಉಳಿದದ್ದು ನಡುನೀರಿನಲ್ಲಿ ಒಂದು ಮುರುಕು ಕಂಬ, ದಡಕ್ಕೊಂದು ಮೋಟು.

ಸೇತುವೆ ಬಿದ್ದದ್ದರಿಂದ ಊರಿನಲ್ಲಿ ಒಬ್ಬನಿಗೆ ಮಾತ್ರ ಒಳ್ಳೆಯದಾಯಿತು. ಅವನೇ ಅಲ್ಬಾನ್ ತ್ಸಾಂಗ್. ಕೋಳಿಗಳನ್ನು ಓಡಿಸಿ, ಅಜ್ಜನ ದೋಣಿಗೆ ಟಾರು ಬಳಿದು ನೀರಿಗಿಳಿಸಿದ. ಐವತ್ತು ದಾಟಿದ ವಿಧುರ, ಬೆನ್ನು ಬಾಗಿಸಿ ನಡೆಯುತ್ತಿದ್ದವನು ಒಂದೇ ವಾರದಲ್ಲಿ ನೆಟ್ಟಗಾದ. ಎರಡೂ ದಡಕ್ಕೂ ಆಗ ಇದ್ದ ಸೂಲಗಿತ್ತಿ ನಾನೊಬ್ಬಳೇ, ವಾಲ್ಬುರ್ಗಾ ಹೆಪ್. ಹಾಗಾಗಿ ಅವನ ದೋಣಿಯಲ್ಲಿ ನನ್ನಷ್ಟು ಕೂತವರು ಬೇರೆ ಯಾರೂ ಇಲ್ಲ.

ಅಲ್ಬಾನನಿಗೆ ಒಬ್ಬಳೇ ಮಗಳು, ಲೋನಿ. ಅವಳು ಅಪ್ಪನ ದೋಣಿಯಲ್ಲೇ ಓಡಾಡುತ್ತಾ ದೊರೆದಡದ ಏರ್ಹಾರ್ಡ್ ಡಿಂಕೆಲ್‌ನನ್ನು ಮೆಚ್ಚಿಕೊಂಡಳು. ಏರ್ಹಾರ್ಡ್ ಸೆರೆಶಿಬಿರದಿಂದ ಎರಡು ಬೆರಳು ಕಳೆದುಕೊಂಡು ಬಂದಿದ್ದ ಮೀನುಗಾರ, ಮೆದು ಮಾತಿನ ಹುಡುಗ. ಆದರೆ ಲೂಥರನ್. ಸಾಲದ್ದಕ್ಕೆ ಅವನ ಅಪ್ಪ ಗಾಟ್‌ಲೀಬ್ ಡಿಂಕೆಲ್‌ಗೂ ಅಲ್ಬಾನನಿಗೂ ಮೊದಲಿನಿಂದ ಆಗದು. ದೋಣಿಯ ಹಗ್ಗಕ್ಕೆ ಬಲೆ ಸಿಕ್ಕಿ ಹರಿಯಿತು ಎಂದು ಗಾಟ್‌ಲೀಬ್, ಬಲೆಗೆ ಸಿಕ್ಕಿ ಹಗ್ಗ ಸವೆಯಿತು ಎಂದು ಅಲ್ಬಾನ್. ಮರುವರ್ಷ ಮೇ ತಿಂಗಳಲ್ಲಿ ಲೋನಿ ಆಚೆದಡದ ಚರ್ಚಿನಲ್ಲಿ ಮದುವೆಯಾದಳು. ಅಲ್ಬಾನ್ ಹೋಗಲಿಲ್ಲ. ಮದುವೆಗೆ ಹೊರಟವರನ್ನೆಲ್ಲ ಮುಖ ಊದಿಸಿಕೊಂಡು ದಾಟಿಸಿ, ಈಚೆ ಬಂದು ದಿನವಿಡೀ ದೋಣಿ ತೊಳೆದ.

ಆಮೇಲೆ ಲೋನಿ ಸಂತೆಗೆಂದು ದಾಟಿ ಬಂದಾಗಲೆಲ್ಲ ಅವನು ಅವಳತ್ತ ಬೆನ್ನು ಮಾಡಿ ಗಳ ಹಾಕುತ್ತಿದ್ದ. ಒಂದು ಸಲ ನಾನೂ ಇದ್ದೆ. ಅವಳಿಗೆ ಆಗಲೇ ಹೊಟ್ಟೆ ಕಾಣುತ್ತಿತ್ತು. ದಡ ಮುಟ್ಟಿದ ಮೇಲೆ ಅವಳು, “ಬರ್ತೀನಪ್ಪಾ” ಅಂದಳು. ಅವನು ನೀರಿಗೆ ಉಗಿದು, “ಗಾಳಿ ಎದ್ದಿದೆ” ಎಂದು ನನಗೆ ಹೇಳಿದ. ಗಾಳಿ ಇರಲೇ ಇಲ್ಲ.

ಆ ಚಳಿಗಾಲ ಯಾರೂ ಮರೆಯುವಂಥದ್ದಲ್ಲ. ಕಲ್ಲಿದ್ದಲಿಲ್ಲ, ಹಿಟ್ಟಿಲ್ಲ, ಟರ್ನಿಪ್ ಗಡ್ಡೆ ಬಿಟ್ಟರೆ ಬೇಯಿಸಲು ಏನೂ ಇಲ್ಲ. ನದಿ ಕಲ್ಲಿನಂತೆ ಹೆಪ್ಪುಗಟ್ಟಿತು. ದೊಡ್ಡ ದೋಣಿಯನ್ನು ಮೇಲಕ್ಕೆ ಎಳೆದುಹಾಕಿದರು, ಜನ ಹಿಮದ ಮೇಲೇ ಆಚೆ ಈಚೆ ನಡೆದಾಡಿದರು. ನಾನೂ ನಡೆದುಹೋಗಿ ಲೋನಿಯನ್ನು ನೋಡಿ ಬರುತ್ತಿದ್ದೆ. ಮಗು ತಲೆ ಮೇಲೆ ಮಾಡಿ ಕೂತಿತ್ತು. ತಿರುಗೀತು, ಇನ್ನೂ ಸಮಯವಿದೆ ಎಂದುಕೊಂಡೆ. ದಿನ ಹತ್ತಿರವಾದ ಹಾಗೆ ನಾನು ಆಚೆಗೆ ಹೋಗಿ ಅಲ್ಲೇ ಉಳಿಯುವುದು ಎಂದು ಮಾತಾಗಿತ್ತು. ಮಾರ್ಚಿನಲ್ಲಿ ಮಳೆ ಹೊಯ್ದು, ಒಂದು ಮಧ್ಯಾಹ್ನ ಫಿರಂಗಿ ಸಿಡಿದ ಹಾಗೆ ಸದ್ದು ಮಾಡಿ ಮಂಜುಗಡ್ಡೆ ಒಡೆಯಿತು. ಮೇಜಿನಗಲ, ಗಾಡಿಯಗಲ ಮಂಜಿನ ಚಪ್ಪಡಿಗಳು ಒಂದರ ಮೇಲೊಂದು ಏರಿ ಹೊರಟವು. ಮರುದಿನ ಬೆಳಿಗ್ಗೆ ಹಾಲಿಗೆಂದು ಹೊರಗೆ ಬಂದು ನೋಡಿದರೆ, ಆಚೆದಡದ ಸೇತುವೆ ಮೋಟಿನಿಂದ ಕೆಂಪು ರಜಾಯಿ ಹೊದಿಕೆ ಇಳಿಬಿಟ್ಟಿದ್ದರು. ಸೇತುವೆ ಬಿದ್ದಾಗಿನಿಂದ ಅದು ನನಗೆ ಕರೆ. ಆ ದಡದಲ್ಲಿ ಆಗ ಬಸುರಿ ಇದ್ದವಳು ಲೋನಿ ಒಬ್ಬಳೇ.

ಚೀಲ ಎತ್ತಿಕೊಂಡು ಓಡಿದೆ. ಅಲ್ಬಾನ್ ದಡದಲ್ಲಿ ನಿಂತಿದ್ದ. ಟೋಪಿಯ ಮೇಲೆ, ಹೆಗಲ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಬಹಳ ಹೊತ್ತಿನಿಂದ ಅಲ್ಲೇ ಇದ್ದಿರಬೇಕು.

“ದೋಣಿ ಇಳಿಸು” ಅಂದೆ.

“ತಲೆ ಕೆಟ್ಟಿದೆಯಾ ನಿನಗೆ? ನದಿ ನೋಡು. ಇವತ್ತು ಅದು ಯಾರಪ್ಪನ ಮಾತೂ ಕೇಳಲ್ಲ.”

“ಯಾರ ಮನೆಯಿಂದ ಕರೆ ಬಂದಿದೆ ಗೊತ್ತಲ್ಲ?”

“ಕಣ್ಣಿದೆ ನನಗೆ.”

“ಮಗು ಇನ್ನೂ ತಿರುಗಿಲ್ಲ ಕಣಯ್ಯಾ. ಕಾಲು ಮುಂದಾಗಿ ಬರುತ್ತೆ. ಅವಳತ್ತೆ ಆ ಸಬೀನಾ ಡಿಂಕೆಲ್ ಎಷ್ಟು ಕೀರ್ತನೆ ಹಾಡಿದರೂ ಅದು ತಾನಾಗಿ ಬರಲ್ಲ.”

ಅವನು ಪಕ್ಕಕ್ಕೆ ಸರಿದ. ಆಗ ನಾನು ಅವನ ಹಿಂದೆ ನೋಡಿದೆ. ಚಪ್ಪಟೆ ತಳದ ಪುಟ್ಟ ಮೀನುದೋಣಿಯನ್ನು ಅವನು ಆಗಲೇ ಕಣಜದಿಂದ ಎಳೆದು ತಂದು ನೀರಂಚಿಗೆ ಇಟ್ಟಿದ್ದ. ಒಳಗೆ ಎರಡು ಗಳ, ಒಂದು ಹಗ್ಗ, ಕೂರಲು ಒಣಹುಲ್ಲು.

“ಇದೇನು ಮತ್ತೆ?” ಅಂದೆ.

“ಗಾಳಿಯಾಡಲಿ ಅಂತ ಇಟ್ಟೆ.”

“ಅಲ್ಬಾನ್!”

ಅವನು ಮೂಗು ಒರೆಸಿಕೊಂಡ. “ನಿನಗೆ ಈಜು ಬರುತ್ತಾ?”

“ಇಲ್ಲ.”

“ಒಳ್ಳೇದಾಯ್ತು. ಬರೋರು ಹೆದರಿ ಹಾರಿಬಿಡ್ತಾರೆ. ನೀನು ಕೂತಿರು. ನಾನು ಹೇಳಿದ್ರೂ ಏಳಬೇಡ, ದೇವರು ಹೇಳಿದ್ರೂ ಏಳಬೇಡ.”

ದೋಣಿಯನ್ನು ದಡದುದ್ದಕ್ಕೂ ಮೇಲಕ್ಕೆ, ಹಳೆಯ ಬಟ್ಟೆ ಒಗೆಯುವ ಕಟ್ಟೆಯ ತನಕ ಎಳೆದೆವು. ಅಲ್ಲಿಂದ ಬಿಟ್ಟರೆ ಹರಿವು ತಾನೇ ನಡುಗಂಬದ ಹತ್ತಿರ ಒಯ್ಯುತ್ತದೆ, ಕಂಬದ ಹಿಂದೆ ನೀರು ಸ್ವಲ್ಪ ಸುಮ್ಮನಿರುತ್ತದೆ, ಅಲ್ಲಿ ಉಸಿರು ಬಿಟ್ಟು ಮಿಕ್ಕರ್ಧ ದಾಟುವುದು. ಅವನ ಲೆಕ್ಕ ಅದು. ಅಷ್ಟರಲ್ಲಿ ನಮ್ಮ ದಡದಲ್ಲಿ ಜನ ಸೇರಿದ್ದರು. ಯಾರೋ ಹೆಂಗಸು ಜೋರಾಗಿ ಜಪಮಾಲೆ ಶುರುಮಾಡಿದಳು. “ಇನ್ನೂ ಸತ್ತಿಲ್ಲ, ಸ್ವಲ್ಪ ತಾಳು!” ಎಂದು ಅಲ್ಬಾನ್ ಅವಳಿಗೆ ಕೂಗಿ ದೋಣಿ ತಳ್ಳಿದ.

ನಾನು ಚೀಲವನ್ನು ತೊಡೆಯ ಮೇಲಿಟ್ಟು ಅಪ್ಪಿಕೊಂಡು ಕೂತೆ. ಮಂಜಿನ ಚಪ್ಪಡಿಗಳು ಬರುತ್ತಲೇ ಇದ್ದವು. ಅಲ್ಬಾನ್ ಕೆಲವನ್ನು ಗಳದಿಂದ ತಳ್ಳಿದ, ಕೆಲವಕ್ಕೆ ದಾರಿ ಬಿಟ್ಟ. ದೊಡ್ಡದೊಂದು ಬಂದಾಗ ಅದರ ಅಂಚಿಗೇ ದೋಣಿ ಒರಗಿಸಿ ಅದರೊಂದಿಗೇ ಜಾರಿದ. ಮಾತಿಲ್ಲ, ಬೈಗುಳವೂ ಇಲ್ಲ. ಅವನು ಬೈಯದಿದ್ದುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕಂಬದ ಹಿಂದಿನ ನಿಂತನೀರಿಗೆ ಸೇರಿದಾಗ ಅವನ ಕೈಯಿಂದ ರಕ್ತ ಸುರಿಯುತ್ತಿತ್ತು. ಒಂದು ಗಳ ಆಗಲೇ ಹೋಗಿತ್ತು.

ಆಚೆದಡದಲ್ಲಿ ಗಾಟ್‌ಲೀಬ್ ಡಿಂಕೆಲ್, ಅವನ ಮಗ ಏರ್ಹಾರ್ಡ್ ಮತ್ತು ನಾಲ್ಕಾರು ಮೀನುಗಾರರು ಹಗ್ಗ, ಕೊಕ್ಕೆಗೋಲು ಹಿಡಿದು ನಿಂತಿದ್ದರು. ಗಾಟ್‌ಲೀಬ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಸೇತುವೆಯ ಬಿದ್ದ ಕಲ್ಲುಗಳ ಮೇಲೆ ತೊಡೆಮಟ್ಟ ನೀರಿಗೆ ಇಳಿದಿದ್ದ.

“ಎಡಕ್ಕೆ ಬಾರೋ ಕೋಳಿ ಸಾಕೋನೇ!” ಎಂದು ಕೂಗಿದ. “ಎಡಕ್ಕೆ! ಬಿಷಪ್ಪನ ದಡದವರಿಗೆ ಎಡ ಯಾವುದು ಬಲ ಯಾವುದು ಅಂತಾನೂ ಗೊತ್ತಿಲ್ವಾ?”

“ನಿನ್ನ ಎಡಾನೋ ನನ್ನ ಎಡಾನೋ, ಮೊದಲು ಅದು ಬೊಗಳು!”

ನಾವು ಕಂಬದ ಆಸರೆ ಬಿಟ್ಟು ಹೊರಟೆವು. ಅರ್ಧ ದೂರ ಹೋಗಿಲ್ಲ, ಚಪ್ಪಡಿಯೊಂದು ಬಂದು ದೋಣಿಯ ಬದಿಗೆ ಗುದ್ದಿತು. ಉಳಿದ ಗಳವೂ ಲಟ್ಟನೆ ಮುರಿಯಿತು. ದೋಣಿ ಗಿರ್ರನೆ ತಿರುಗಿ ಕೆಳಕ್ಕೆ ಹೊರಟಿತು. ಅಲ್ಬಾನ್ ಕೂರುವ ಹಲಗೆಯನ್ನೇ ಕಿತ್ತು ನೀರಿಗೆ ಹಾಕಿದ. ಅಷ್ಟರಲ್ಲಿ ಗಾಟ್‌ಲೀಬ್ ಬಲೆ ಬೀಸುವ ಹಾಗೆ ಮೈಯೆಲ್ಲ ತಿರುಗಿಸಿ ಹಗ್ಗ ಎಸೆದ. ಅದರ ತುದಿಗೆ ಬಲೆಯ ಸೀಸದ ಗುಂಡುಗಳಿದ್ದವು. ಅದು ಬಂದು ಬಿದ್ದದ್ದು ನನ್ನ ಮಡಿಲಲ್ಲಿ. ನಾನು ಅದರ ಮೇಲೆ ಬಿದ್ದು ಹಿಡಿದುಕೊಂಡೆ, ಅಲ್ಬಾನ್ ನನ್ನ ಮೇಲೆ ಬಿದ್ದು ಹಗ್ಗ ಹಿಡಿದ. ಅವರು ಎಳೆದರು. ಕಲ್ಲಿಗೆ ತಾಕಿದ ಕೂಡಲೇ ಏರ್ಹಾರ್ಡ್ ನನ್ನನ್ನು ಚೀಲದ ಸಮೇತ ಎತ್ತಿಕೊಂಡ. ಅಲ್ಬಾನನನ್ನು ಗಾಟ್‌ಲೀಬ್ ಕೊರಳಪಟ್ಟಿ ಹಿಡಿದು ಎಳೆದ. ಹಿಂದೆ ತಿರುಗಿ ನೋಡುವಷ್ಟರಲ್ಲಿ ಎರಡು ಚಪ್ಪಡಿಗಳ ನಡುವೆ ಸಿಕ್ಕ ದೋಣಿ ಬೆಂಕಿಪೆಟ್ಟಿಗೆಯ ಹಾಗೆ ಮುದುಡಿತು.

ಅಲ್ಬಾನ್ ಅದನ್ನು ನೋಡುತ್ತಾ ನಿಂತ. “ಅಜ್ಜ ಕಟ್ಟಿದ್ದು” ಎಂದಷ್ಟೇ ಹೇಳಿದ.

ನನಗೆ ಅಲ್ಲಿ ನಿಲ್ಲಲು ಪುರುಸೊತ್ತಿರಲಿಲ್ಲ. ಡಿಂಕೆಲ್ ಮನೆಯಲ್ಲಿ ಲೋನಿ ಬೆಳಗಿನ ಜಾವದಿಂದ ನೋವು ತಿನ್ನುತ್ತಿದ್ದಳು. ಅತ್ತೆ ಸಬೀನಾ ಒಲೆಯ ಮೇಲೆ ನೀರಿಟ್ಟು, ಬಟ್ಟೆಗಳನ್ನು ಬಿಸಿ ಮಾಡಿ, ನಿಜವಾಗಿಯೂ ಕೀರ್ತನೆ ಹಾಡುತ್ತಿದ್ದಳು. ನನ್ನನ್ನು ನೋಡಿ ಹಾಡು ನಿಲ್ಲಿಸಿ, “ಬಂದ್ಯಾ ತಾಯಿ” ಎಂದು ಅಳತೊಡಗಿದಳು.

“ಆಮೇಲೆ ಅಳೋಣ. ಅವಳ ಬೆನ್ನು ಹಿಡ್ಕೋ” ಅಂದೆ.

ಲೋನಿ ನನ್ನ ಒದ್ದೆ ಲಂಗ ನೋಡಿದಳು. “ಯಾರು ದಾಟಿಸಿದ್ರು?”

“ಇನ್ಯಾರು? ಎರಡೂ ದಡದಲ್ಲಿ ಅಷ್ಟು ಮೊಂಡರು ಬೇರೆ ಯಾರಿದ್ದಾರೆ?”

ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ನಾನು ಹೇಳಿದಂತೆಲ್ಲ ಮಾಡಿದಳು, ಒಮ್ಮೆಯೂ ಆಗುವುದಿಲ್ಲ ಎನ್ನಲಿಲ್ಲ.

ಕಿಟಕಿಯಾಚೆ ಅಂಗಳದಲ್ಲಿ ಗಂಡಸರ ದನಿ ಕೇಳುತ್ತಿತ್ತು. ಅಲ್ಬಾನ್ ಒಳಗೆ ಬರಲು ಒಪ್ಪಿರಲಿಲ್ಲ, ಸೌದೆ ಒಡೆಯುವ ಕೊರಡಿನ ಹತ್ತಿರ ನಡುಗುತ್ತಾ ನಿಂತಿದ್ದ. ಗಾಟ್‌ಲೀಬ್ ಒಣ ಪ್ಯಾಂಟು ತಂದುಕೊಟ್ಟ.

“ಬೇಡ.”

“ಹಾಕ್ಕೊಳ್ಳಯ್ಯಾ, ಚಳಿಗೆ ಸತ್ತರೆ ಹೂಳೋಕೆ ನೆಲ ಕೂಡ ಅಗೆಯೋಕಾಗಲ್ಲ ಈಗ.”

“ನಿನ್ನ ಪ್ಯಾಂಟು ಹಾಕ್ಕೊಂಡ್ರೆ ನನ್ನನ್ನು ಲೂಥರನ್ ಅಂತ ಲೆಕ್ಕ ಹಿಡಿದುಬಿಟ್ರೆ?”

“ನಿನ್ನಂಥವನನ್ನು ನಾವು ಸೇರಿಸ್ಕೊಳ್ಳೋದೂ ಇಲ್ಲ. ಕಾಲು ಎತ್ತು.”

ಪ್ಯಾಂಟು ಏರಿಸಿಕೊಂಡು ಅಲ್ಬಾನ್, “ಸೊಂಟ ದೊಡ್ಡದಾಯ್ತು” ಅಂದ. ಒಳಗೆ ಲೋನಿ ನೋವಿನ ನಡುವೆಯೇ ಫಕ್ಕನೆ ನಕ್ಕಳು. ಆ ನಗುವಿನಿಂದ ಅವಳ ಮೈ ಸಡಿಲವಾಯಿತು. ಅದು ನನಗೆ ದೊಡ್ಡ ಉಪಕಾರ.

ಮಧ್ಯಾಹ್ನ ಕಳೆದ ಮೇಲೆ ಮಗುವಿನ ಕಾಲು ಬಂತು, ಮೈ ಬಂತು, ಕೈ ಬಿಡಿಸಿದೆ. ತಲೆ ಸಿಕ್ಕಿಕೊಂಡಿತು. ಅಂಥ ಹೊತ್ತಿನಲ್ಲಿ ನಾನು ಏನನ್ನೂ ಯೋಚಿಸುವುದಿಲ್ಲ, ಕೈ ತನ್ನ ಕೆಲಸ ತಾನು ಮಾಡುತ್ತದೆ. ತಲೆ ಹೊರಬಂದಾಗ ಮಗು ನೇರಳೆ ಬಣ್ಣಕ್ಕಿತ್ತು, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಹೆಣ್ಣು. ಬಾಯಿ ಒರೆಸಿದೆ, ಬೆನ್ನು ಉಜ್ಜಿದೆ, ಅಂಗಾಲಿಗೆ ತಟ್ಟಿದೆ, ಬಾಯಿಗೆ ಬಾಯಿಟ್ಟು ಊದಿದೆ. ಏನೂ ಇಲ್ಲ. ಎದೆಯ ಮೇಲೆ ಬೆರಳಿಟ್ಟರೆ ಒಳಗೆಲ್ಲೋ ಬಹಳ ನಿಧಾನಕ್ಕೆ ಒಂದು ಮಿಡಿತ.

ಇಂಥ ಮಗುವಿಗೆ ಪಾದ್ರಿಗಾಗಿ ಕಾಯುವ ಹಾಗಿಲ್ಲ. ದೀಕ್ಷಾಸ್ನಾನ ಮಾಡಿಸುವ ಅಧಿಕಾರ ಆಗ ಯಾರಿಗಾದರೂ ಇದೆ, ಸೂಲಗಿತ್ತಿಗೆ ಅದು ಕರ್ತವ್ಯ. “ಹೆಸರೇನು?” ಎಂದು ಕೇಳಿದೆ. ಸಬೀನಾ ತಟ್ಟೆಯಲ್ಲಿ ನೀರು ತಂದಿಟ್ಟಳು. “ಎವಾ” ಎಂದಳು ಲೋನಿ, ಗೋಡೆಯ ಕಡೆ ಮುಖ ಮಾಡಿ. ನಾನು ತಟ್ಟೆಯ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ಮಗುವಿನ ಹಣೆಗೆ ಸುರಿದೆ. “ಎವಾ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಮಾಡಿಸುತ್ತೇನೆ.” ಸಬೀನಾ “ಆಮೆನ್” ಅಂದಳು. ನಾನು ಮತ್ತೆ ಊದತೊಡಗಿದೆ.

ಎಷ್ಟು ಹೊತ್ತು ಊದಿದೆನೋ ಗೊತ್ತಿಲ್ಲ. ಸಬೀನಾ ನನ್ನ ತೋಳು ಮುಟ್ಟಿ, “ಸಾಕು ವಾಲ್ಬುರ್ಗಾ” ಎಂದದ್ದು ನೆನಪಿದೆ. ನಾನು ಅವಳ ಕೈ ಕೊಡವಿದೆ. ಆಗ ಮಗು ಬಿಕ್ಕಿತು. ಇನ್ನೊಮ್ಮೆ ಬಿಕ್ಕಿ, ಮುಖ ಕಿವುಚಿ, ಕೆಮ್ಮಿ, ಬೆಕ್ಕಿನಮರಿಯ ಹಾಗೆ ಒಂದು ಸಣ್ಣ ದನಿ ತೆಗೆಯಿತು. ಆಮೇಲೆ ಬೆಕ್ಕಿನಮರಿಯ ದನಿ ಹೋಗಿ ಗೂಳಿಯ ದನಿ ಬಂತು. ಕಾಲಿನಿಂದ ಕೆಂಪು ಏರುತ್ತಾ ಏರುತ್ತಾ ತುಟಿಯ ತನಕ ಬಂದದ್ದನ್ನು ನಾವು ಮೂವರೂ ಉಸಿರು ಹಿಡಿದು ನೋಡಿದೆವು. ನಾನು ನೆಲದಲ್ಲೇ ಕೂತೆ. ಸಬೀನಾಳೂ ನನ್ನ ಪಕ್ಕ ಕೂತು, ಬೆಳಿಗ್ಗೆ ಬಾಕಿ ಇಟ್ಟಿದ್ದ ಅಳು ಅತ್ತಳು. ನಾನೂ ಜೊತೆಗೂಡಿದೆ.

ಆಮೇಲೆ ಕಣ್ಣೊರೆಸಿಕೊಂಡು ಎದ್ದೆ. ನಾನು ಬಾಗಿಲು ತೆರೆದು ನೋಡಿದರೆ ಏರ್ಹಾರ್ಡ್ ಹೊಸ್ತಿಲಲ್ಲೇ ಕೈಕಟ್ಟಿ ನಿಂತಿದ್ದ. ಅಲ್ಬಾನ್ ಕೊರಡಿನ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಗಾಟ್‌ಲೀಬ್ ಅವನ ಪಕ್ಕ ನಿಂತು ತನ್ನ ಟೋಪಿಯನ್ನು ಹಿಂಡುತ್ತಿದ್ದ.

“ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ” ಅಂದೆ.

“ಕೂಗು ಕೇಳಿಸ್ತು,” ಎಂದ ಗಾಟ್‌ಲೀಬ್. “ಗಂಟಲು ನಮ್ಮ ಕಡೇದು.”

“ಮೊಂಡುತನ ನಮ್ಮದು” ಎಂದ ಅಲ್ಬಾನ್, ಮುಖದಿಂದ ಕೈ ತೆಗೆಯದೆ.

ಒಳಗೆ ಬರಲು ಅವನಿಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಬಂದವನು ಕೋಣೆಯ ಬಾಗಿಲಲ್ಲಿ ನಿಂತು ಚೌಕಟ್ಟಿನ ಕೆತ್ತನೆಯನ್ನೇ ನೋಡತೊಡಗಿದ. ಲೋನಿ ಹಾಸಿಗೆಯಿಂದ ಹೇಳಿದಳು, “ಅಪ್ಪಾ, ಬೆನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಈ ಕಡೆ ತಿರುಗಿದ್ರೆ ಮಾತ್ರ ಮಗು ತೋರಿಸ್ತೀನಿ.”

ಅವನು ತಿರುಗಿದ. ಮಗುವನ್ನು ಅವನ ಗಾಯದ ಕೈಗೆ ನಾನೇ ಕೊಟ್ಟೆ. ಏನಾದರೂ ಹೇಳುತ್ತಾನೆ ಎಂದು ಎಲ್ಲರೂ ಕಾದೆವು. ಅವನು, “ಇವಳಿಗೆ ಟೋಪಿ ಇಲ್ವಾ? ಚಳಿ ಇದೆ” ಅಂದ. ಲೋನಿ ಅವನ ತೋಳು ಹಿಡಿದುಕೊಂಡಳು. ನಾವು ಉಳಿದವರು ಅಡುಗೆಮನೆಗೆ ಹೋದೆವು.

ನಮ್ಮ ದಡದಲ್ಲಿ ಜನ ಇನ್ನೂ ಕಾಯುತ್ತಿದ್ದರು. ಬೆಳಕಿರುವಾಗಲೇ ನಾನು ಮೋಟಿನ ಮೇಲೆ ಹತ್ತಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದೆ: “ಹೆಣ್ಣು!”

“ಲೋನಿ?” ಎಂದು ತೇಲಿಬಂತು.

“ಚೆನ್ನಾಗಿದ್ದಾಳೆ!”

“ಅಲ್ಬಾನ್ ಬದುಕಿದ್ದಾನಾ?”

“ಡಿಂಕೆಲ್ ಮನೆಯಲ್ಲಿ ಸೂಪು ಕುಡೀತಿದ್ದಾನೆ!”

ಆಚೆ ತಲೆಗಳು ಒಂದರ ಕಡೆ ಒಂದು ತಿರುಗಿದವು. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ತಮ್ಮತಮ್ಮಲ್ಲೇ ವಿಚಾರಿಸಿಕೊಂಡಿರಬೇಕು. ಆಮೇಲೆ ನಗು ನದಿಯ ಈ ತುದಿಯ ತನಕ ಬಂತು.

ಮರುದಿನ ದೊರೆದಡದ ಪಾಸ್ಟರ್ ಬಂದರು. ಅವರ ಮುಖ ಬಾಡಿತ್ತು. ಮಗುವಿನ ದೀಕ್ಷಾಸ್ನಾನ ಯಾವ ಚರ್ಚಿನಲ್ಲಿ ಎಂದು ಮದುವೆಯ ದಿನದಿಂದಲೂ ಎರಡು ದಡಗಳಲ್ಲಿ ಜಗಳ ಹೊಗೆಯಾಡುತ್ತಿತ್ತು. ಡಿಂಕೆಲ್‌ಗಳು ತಮ್ಮ ಚರ್ಚಿನಲ್ಲೇ ಅನ್ನುತ್ತಿದ್ದರು. ಅಲ್ಬಾನನ ಅಣ್ಣತಮ್ಮಂದಿರು, ಹಾಗಾದರೆ ಆ ಮನೆಯ ಹೊಸ್ತಿಲು ತುಳಿಯೆವು ಅನ್ನುತ್ತಿದ್ದರು. ಪಾಸ್ಟರ್ ಕುರ್ಚಿಯ ತುದಿಯಲ್ಲಿ ಕೂತು, “ದೀಕ್ಷಾಸ್ನಾನದ ವಿಚಾರ…” ಎಂದು ತೊಡಗಿದರು.

“ಅದು ಆಗಿಹೋಯ್ತು ಪಾಸ್ಟರ್” ಅಂದೆ. “ಮಗು ಉಸಿರಾಡ್ತಾ ಇರಲಿಲ್ಲ. ನಾನೇ ಮಾಡಿಸಿದೆ.”

ಎಲ್ಲರೂ ನನ್ನನ್ನೇ ನೋಡಿದರು. ಗಡಿಬಿಡಿಯಲ್ಲಿ ಈ ಮಾತು ಯಾರಿಗೂ ಹೊಳೆದೇ ಇರಲಿಲ್ಲ.

“ನೀವು ಕ್ಯಾಥಲಿಕರು,” ಎಂದರು ಪಾಸ್ಟರ್ ನಿಧಾನವಾಗಿ. “ಯಾವ ಪದ್ಧತಿಯಲ್ಲಿ ಮಾಡಿಸಿದ್ರಿ?”

“ನೀರಿನ ಪದ್ಧತಿಯಲ್ಲಿ.”

“ಮಾತುಗಳು?”

ಹೇಳಿದೆ. ಪಾಸ್ಟರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ನಾನೂ ಇದನ್ನೇ ಹೇಳ್ತಿದ್ದೆ. ನಿಮ್ಮ ಫಾದರೂ ಇದನ್ನೇ ಹೇಳ್ತಿದ್ರು. ಒಮ್ಮೆ ಆದ ಮೇಲೆ ಇನ್ನೊಮ್ಮೆ ಮಾಡೋ ಹಾಗಿಲ್ಲ, ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ.” ಅವರ ಮುಖದಲ್ಲಿ ನಗು ನಿಧಾನವಾಗಿ ಹರಡಿತು. “ಇನ್ನು ದೊಡ್ಡವಳಾದ ಮೇಲೆ ಯಾವ ಬೆಂಚಿನಲ್ಲಿ ಕೂರ್ತಾಳೋ ಅದು ಅವಳ ಅಪ್ಪ ಅಮ್ಮನ ಪಾಡು. ಸಬೀನಮ್ಮ, ಕಾಫಿ ಇದ್ರೆ ಕೊಡಿ. ನಿನ್ನೆಯಿಂದ ಗಂಟಲಲ್ಲಿ ಏನೂ ಇಳಿದಿರಲಿಲ್ಲ.”

ನಾನು ಬೇಕೆಂದೇ ಹಾಗೆ ಮಾಡಿದೆ, ಜಗಳ ಮುಗಿಸಲು ಹೂಡಿದ ಉಪಾಯ ಎಂದು ಊರಿನಲ್ಲಿ ಕೆಲವರು ಇವತ್ತಿಗೂ ಅನ್ನುತ್ತಾರೆ. ಆ ನೇರಳೆ ಬಣ್ಣ ನೋಡಿದ್ದರೆ ಹಾಗನ್ನುತ್ತಿರಲಿಲ್ಲ.

ಚಪ್ಪಡಿಗಳು ಹರಿದು ಮುಗಿಯುವ ತನಕ ಅಲ್ಬಾನನೂ ನಾನೂ ಡಿಂಕೆಲ್ ಮನೆಯಲ್ಲೇ ಉಳಿದೆವು. ಶುಕ್ರವಾರ ಬಂತು, ಉಪವಾಸಕಾಲದ ಶುಕ್ರವಾರ. ಆ ದಿನ ಕ್ಯಾಥಲಿಕರಾದ ನಾವು ಮಾಂಸ ಮುಟ್ಟುವ ಹಾಗಿಲ್ಲ, ಮೀನಾಗಬಹುದು. ಸಬೀನಾ ಮನೆಯ ಕೊನೆಯ ಮೊಲ ಕೊಯ್ದು ಬಾಣಂತಿಗೆ ಬಲ ಬರಲೆಂದು ಬೇಯಿಸಿದ್ದಳು. ವಾಸನೆಗೆ ಅಲ್ಬಾನನ ಮುಖ ಸಣ್ಣದಾದದ್ದನ್ನು ನೋಡಿದೆ. ಸಬೀನಾ ಬಡಿಸುವಾಗ ಅವನ ತಟ್ಟೆಗೂ ನನ್ನ ತಟ್ಟೆಗೂ ಹುರಿದ ಮೀನು ಇಟ್ಟಳು. ನೆರೆ ಇಳಿದ ಗದ್ದೆಯ ಗುಂಡಿಯಲ್ಲಿ ಸಿಕ್ಕಿಕೊಂಡಿದ್ದ ಮೀನನ್ನು ಗಾಟ್‌ಲೀಬ್ ಬೆಳಿಗ್ಗೆಯೇ ಹೋಗಿ ಹಿಡಿದು ತಂದಿದ್ದ. ಅಲ್ಬಾನ್ ಮುಳ್ಳೊಂದನ್ನೂ ಬಿಡದೆ ಚೀಪಿ ತಿಂದು, “ಉಪ್ಪು ಸರಿಯಾಗಿದೆ” ಅಂದ.

ದೋಣಿ ಕಳೆದುಕೊಂಡು ಬರಿಗೈಯಲ್ಲಿ ಹಿಂತಿರುಗಲು ಅಲ್ಬಾನ್ ಒಪ್ಪಲಿಲ್ಲ. ಗಾಟ್‌ಲೀಬ್ ತನ್ನ ಕಣಜದ ಅಟ್ಟದ ಹಲಗೆ ಕಿತ್ತು ಕೊಟ್ಟ, ಇಬ್ಬರೂ ಸೇರಿ ಹೊಸದೊಂದು ಕಟ್ಟತೊಡಗಿದರು. ನಮ್ಮ ದಡದ ದೋಣಿಗೆ ಮೂತಿ ಚೂಪು, ಅವರದಕ್ಕೆ ಮೊಂಡು. ದಿನವಿಡೀ ಅದೇ ಜಗಳ.

“ಚೂಪು ಮೂತಿ ಯಾಕಯ್ಯಾ, ನದಿಗೆ ಚುಚ್ಚೋಕಾ?”

“ನಿನ್ನದು ದೋಣಿಯಲ್ಲ, ಹಿಟ್ಟು ಕಲಸೋ ಕೊಪ್ಪರಿಗೆ.”

ಆ ಜಗಳ ಕೇಳುತ್ತಾ ಲೋನಿ ಮಗುವಿಗೆ ಹಾಲುಣಿಸುತ್ತಿದ್ದಳು. ಹಾಲು ಚೆನ್ನಾಗಿತ್ತು. ಮಗು ತೂಕ ಹಿಡಿಯಿತು. ಏರ್ಹಾರ್ಡ್ ಇದ್ದ ಬೆರಳುಗಳಲ್ಲೇ ಲಂಗೋಟಿ ಕಟ್ಟಲು ಕಲಿತ. ನನಗೆ ಇನ್ನು ಅಲ್ಲಿ ಕೆಲಸವಿರಲಿಲ್ಲ.

ನದಿ ಇಳಿದ ದಿನ ಏರ್ಹಾರ್ಡ್ ತಮ್ಮ ಮೀನುದೋಣಿಯಲ್ಲಿ ನನ್ನನ್ನು ದಾಟಿಸಲು ಸಿದ್ಧನಾದ. “ನೀನು?” ಎಂದು ಅಲ್ಬಾನನನ್ನು ಕೇಳಿದೆ. ಅವನು ಹೊಸ ದೋಣಿಯ ಬದಿಗೆ ಅಂಗೈ ಒತ್ತಿ ನೋಡಿದ.

“ಟಾರು ಇನ್ನೂ ಒಣಗಿಲ್ಲ. ಭಾನುವಾರದ ತನಕ ಇರ್ತೀನಿ.”

ಟಾರು ಹಿಂದಿನ ದಿನವೇ ಒಣಗಿತ್ತು. ಅವನ ಅಂಗೈಗೆ ಒಂದು ಚೂರೂ ಕಪ್ಪು ಹತ್ತಿರಲಿಲ್ಲ. ನಾನು ಹೂಂ ಎಂದು ಚೀಲ ಎತ್ತಿಕೊಂಡೆ. ಬಿಸಿಲಿತ್ತು, ನೀರು ಕೆಂಪಗೆ, ಸಮಾಧಾನವಾಗಿ ಹರಿಯುತ್ತಿತ್ತು. ಏರ್ಹಾರ್ಡ್ ಹುಟ್ಟು ಹಾಕುತ್ತಿದ್ದ ಹಾಗೇ ನನಗೆ ನಿದ್ದೆ ಹತ್ತಿತು. ದಡ ಮುಟ್ಟಿದ ಮೇಲೆ ಅವನು ನನ್ನ ಭುಜ ಅಲುಗಿಸಿ ಎಬ್ಬಿಸಬೇಕಾಯಿತು.